ಹಿರಿದು ಮತ್ತು ಹೆಮ್ಮರ: ಒಂದು ಗುಣವಾಚಕದ ಹುಟ್ಟು, ಅದರ ರೂಪಗಳು, ನಮ್ಮ ಶಾಲೆ

ಟಿಪ್ಪಣಿ ಈ ಸಲವೂ ಉದ್ದವಾಗಿದೆ. ಬಿಡುವು ಮಾಡಿಕೊಂಡು ಓದಬೇಕೆಂದು ವಿನಂತಿ.

ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಮಕ್ಕಳು ಮಾಧ್ಯಮಿಕ ತರಗತಿಗಳಲ್ಲಿ ಸಮಾಸವನ್ನು ಕಲಿಯುತ್ತಾರೆ. ಕರ್ಮಧಾರಯ ಸಮಾಸಕ್ಕೆ ತಲೆತಲಾಂತರದಿಂದ ಬಂದ ಉದಾಹರಣೆಗಳು ಇವು: ಹಿರಿದು + ಮರ = ಹೆಮ್ಮರ, ಹಿರಿದು + ಜೇನು = ಹೆಜ್ಜೇನು, ಹಿರಿದು + ಬಾಗಿಲು = ಹೆಬ್ಬಾಗಿಲು, ಹಿರಿದು + ತೊರೆ = ಹೆದ್ದೊರೆ. ಮಕ್ಕಳು ಇವನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬಿಡಿಸಿ ಬರೆದು ಅಂಕ ಪಡೆಯುತ್ತಾರೆ. ಆದರೆ ಸ್ವಲ್ಪ ಚುರುಕಾದ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಹಿರಿದು ಅನ್ನೂದು ಹೆಮ್ ಹ್ಯಾಂಗ ಆತ್ರಿ?" ಎಂದು ಕೇಳಿದರೆ ಪುಸ್ತಕದಲ್ಲಿ ಉತ್ತರವಿಲ್ಲ. ಆದೇಶ, ಲೋಪ ಎಂದು ಹೇಳಿ ಕೂರಿಸುವುದು ವಾಡಿಕೆ. ಆ ಪ್ರಶ್ನೆಗೆ ಚರಿತ್ರೆಯ ಉತ್ತರವೊಂದಿದೆ. ಅದು ನಮ್ಮ ಸಾಂಗಲಿ, ಮಿರಜ ಪ್ರದೇಶದ ನೆಲಕ್ಕೂ ನೀರಿಗೂ ಸಂಬಂಧಿಸಿದ್ದು.

ಮೊದಲೇ ಹೇಳಿಬಿಡುತ್ತೇನೆ. ಈ ಸಮೀಕರಣವನ್ನು ಚರಿತ್ರೆಯ ಕ್ರಮದಲ್ಲಿ ಓದಿದರೆ ಅದು ತಲೆಕೆಳಗಾಗಿದೆ. 'ಹಿರಿದು' ಎಂಬುದರಿಂದ 'ಹೆಮ್' ಹುಟ್ಟಿಲ್ಲ. ಎರಡೂ 'ಪೆರ್' ಎಂಬ ಒಂದೇ ಬೇರಿನ ಚಿಗುರುಗಳು, ಮತ್ತು 'ಹೆಮ್ಮರ'ದಲ್ಲಿರುವ ಎಕಾರವೇ ಹೆಚ್ಚು ಹಳೆಯದು.

ಪೆರ್ ಎಂಬ ಬೇರು ದ್ರಾವಿಡ ಭಾಷೆಗಳಿಗೆ ಸಾಮಾನ್ಯವಾದದ್ದು. ತಮಿಳು, ಮಲಯಾಳಗಳಲ್ಲಿ ಪೆರು, ಪೆರಿಯ ಎಂದಿದೆ. ತೆಲುಗಿನಲ್ಲಿ ಪೆರುಗು ಎಂದರೆ ಬೆಳೆ, ಹೆಚ್ಚಾಗು. ಕೇರಳದ ಪೆರಿಯಾರ್ ನದಿಯ ಹೆಸರಿಗೆ ದೊಡ್ಡ ಹೊಳೆ ಎಂದೇ ಅರ್ಥ: ಪೆರಿ, ಆರ್. ಹಳಗನ್ನಡದಲ್ಲಿ ಈ ಬೇರು ಮೂರು ವೇಷಗಳಲ್ಲಿ ಕಾಣುತ್ತದೆ. ವ್ಯಂಜನದ ಮುಂದೆ ಪೆರ್: ಪೆರ್ಮರ, ಪೆರ್ಬಾಗಿಲ್, ಪೆರ್ಬುಲಿ. ಸ್ವರದ ಮುಂದೆ ದೀರ್ಘವಾಗಿ ಪೇರ್: ಪೇರಡವಿ, ಪೇರಾನೆ. ಪ್ರತ್ಯಯ ಹತ್ತಿದಾಗ ಪಿರಿ: ಪಿರಿದು, ಪಿರಿಯಂ, ಪಿರಿಯಳ್, ಪಿರಿಯರ್. ಇದು ಈ ಒಂದು ಶಬ್ದದ ವಿಲಕ್ಷಣವಲ್ಲ, ಕನ್ನಡದ ಹಳೆಯ ಗುಣವಾಚಕಗಳು ಹೀಗೆಯೇ ನಡೆಯುತ್ತವೆ. ಕಪ್ಪನ್ನು ಹೇಳುವ ಶಬ್ದವನ್ನು ನೋಡಿ: ಕರ್ಗಲ್ಲು, ಕಾರಿರುಳು, ಕರಿದು. ವ್ಯಂಜನದ ಮುಂದೆ ಹ್ರಸ್ವ, ಸ್ವರದ ಮುಂದೆ ದೀರ್ಘ, ಪ್ರತ್ಯಯದ ಮುಂದೆ ಇಕಾರ. ಒಮ್ಮೆ ಈ ಮೂರು ಮನೆಗಳನ್ನು ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದರೆ ಮಕ್ಕಳು ತಾವೇ ತುಂಬತೊಡಗುತ್ತಾರೆ.

ಪೆರಿ ಎಂದಿರಬೇಕಾದದ್ದು ಪಿರಿ ಏಕಾಯಿತು? ಕನ್ನಡದಲ್ಲಿ ಬಹು ಹಿಂದೆ ಒಂದು ಸ್ವರವ್ಯತ್ಯಾಸ ನಡೆಯಿತು. ಪದದ ಮೊದಲ ಅಕ್ಷರದಲ್ಲಿ ಎ ಅಥವಾ ಒ ಇದ್ದು, ನಡುವೆ ಒಂಟಿ ವ್ಯಂಜನವಿದ್ದು, ಮುಂದಿನ ಅಕ್ಷರದಲ್ಲಿ ಇ ಅಥವಾ ಉ ಬಂದರೆ ಮೊದಲಿನ ಎ ಎಂಬುದು ಇ ಆಗುತ್ತದೆ, ಒ ಎಂಬುದು ಉ ಆಗುತ್ತದೆ. ತಮಿಳಿನ ಎಲಿ ನಮ್ಮಲ್ಲಿ ಇಲಿ, ತಮಿಳಿನ ಪೊಡಿ ನಮ್ಮಲ್ಲಿ ಪುಡಿ. ಹಾಗೆಯೇ ಅವರ ಪೆರಿಯ ನಮ್ಮಲ್ಲಿ ಪಿರಿಯ. ನಾಲಗೆ ಮುಂದೆ ಬರಲಿರುವ ಇಕಾರಕ್ಕೆ ಮೊದಲೇ ಸಿದ್ಧವಾಗಿ ಮೇಲೇರಿಬಿಡುತ್ತದೆ. ಆದರೆ ಪೆರ್ಮರದಲ್ಲಿ ರಕಾರದ ಮುಂದೆ ಸ್ವರವೇ ಇಲ್ಲ, ಎರಡು ವ್ಯಂಜನಗಳು ಒಟ್ಟಿಗೆ ನಿಂತಿವೆ. ನಾಲಗೆಯನ್ನು ಸೆಳೆಯುವ ಇಕಾರವಿಲ್ಲದ್ದರಿಂದ ಹಳೆಯ ಎ ಅಲ್ಲಿ ಕದಲದೆ ಉಳಿಯಿತು. ಬೆಳ್ಳಿ, ಬೆಳ್ಮುಗಿಲುಗಳಲ್ಲಿ ಎ, ಬಿಳಿದು ಎಂಬಲ್ಲಿ ಇ. ಕೆಂಪು, ಕೆಮ್ಮಣ್ಣುಗಳಲ್ಲಿ ಎ, ಕಿಸು ಎಂಬಲ್ಲಿ ಇ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್ ಎಂದರೆ ಕೆಂಪು ಊರು. ಅಲ್ಲಿಯ ಕೆಂಪು ಕಲ್ಲನ್ನು ಕಂಡವರಿಗೆ ಹೆಸರಿನ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಇನ್ನೆರಡು ಬದಲಾವಣೆಗಳು. ಪದಾದಿಯ ಪಕಾರ ಹಕಾರವಾಯಿತು. ಹತ್ತನೆಯ ಶತಮಾನದ ಸುಮಾರಿಗೆ ಅಲ್ಲಲ್ಲಿ ಇಣುಕಿದ ಈ ಹಕಾರ ನಡುಗನ್ನಡದ ಹೊತ್ತಿಗೆ ಭಾಷೆಯನ್ನೆಲ್ಲ ವ್ಯಾಪಿಸಿತು. ಪಾಲು ಹಾಲಾಯಿತು, ಪೊಲ ಹೊಲವಾಯಿತು. ಎರಡನೆಯದು, ವ್ಯಂಜನದ ಹಿಂದಿನ ರಕಾರ ಆ ವ್ಯಂಜನದಲ್ಲಿಯೇ ಲೀನವಾಗಿ ಅದನ್ನು ಒತ್ತಕ್ಷರವಾಗಿಸಿತು: ಕರ್ಬು ಕಬ್ಬಾದಂತೆ, ಪೆರ್ಮರವು ಹೆಮ್ಮರ, ಪೆರ್ಜೇನ್ ಹೆಜ್ಜೇನು, ಪೆರ್ಬೆರಲ್ ಹೆಬ್ಬೆರಳು. ಪುಲಿಯ ಪಕಾರ ಸಮಾಸದಲ್ಲಿ ಮೊದಲು ಬಕಾರವಾಗುತ್ತದೆ. ಅದಕ್ಕಾಗಿಯೇ ಹೆಬ್ಬುಲಿ, ಹೆಪ್ಪುಲಿ ಅಲ್ಲ. ತೊರೆಯ ತಕಾರ ದಕಾರವಾಗುತ್ತದೆ, ಆದ್ದರಿಂದ ಹೆದ್ದೊರೆ. ಇದನ್ನು ನಾವು ಆದೇಶ ಸಂಧಿ ಎಂದು ಬೇರೊಂದು ಪಾಠದಲ್ಲಿ ಹೇಳಿಕೊಡುತ್ತೇವೆ. ಎರಡು ಪಾಠಗಳನ್ನು ಜೋಡಿಸಿ ಹೇಳುವವರು ಕಡಿಮೆ.

ಕ್ರಿ.ಶ. 1260ರ ಸುಮಾರಿನಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಸಮಾಸಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು ಇಂಥ ಗುಣವಚನಗಳ ರೂಪಭೇದಗಳನ್ನು ಗಮನಿಸಿದ್ದಾನೆ. ಅವನಿಗೆ ಬೇಕಾದದ್ದು ಪ್ರಯೋಗದ ನಿಯಮ. ಯಾವುದು ಮೊದಲು, ಯಾವುದು ಅನಂತರ ಎಂಬ ಚರಿತ್ರೆ ಅವನ ಉದ್ದೇಶವಾಗಿರಲಿಲ್ಲ. ಆ ದೃಷ್ಟಿಯಿಂದ ಅವನ ಕೆಲಸ ಅಚ್ಚುಕಟ್ಟಾದದ್ದು. ತೊಡಕು ಇರುವುದು ನಮ್ಮ ಶಾಲಾ ಪದ್ಧತಿಯಲ್ಲಿ: ಪ್ರಯೋಗದ ಸೂತ್ರವನ್ನು ಹುಟ್ಟಿನ ಕತೆಯೆಂಬಂತೆ ಮಕ್ಕಳ ಮುಂದಿಡುತ್ತೇವೆ. ಮೇಲಾಗಿ 'ಹಿರಿದು' ಎಂಬ ರೂಪವೇ ಇಂದಿನ ಮಗುವಿಗೆ ಅಪರಿಚಿತ. 'ಕತ್ತಿಯನ್ನು ಹಿರಿದು' ಎಂಬ ಮಾತನ್ನು ಯಾವುದಾದರೂ ಕತೆಯಲ್ಲಿ ಓದಿದ ಮಗು, ಮರವನ್ನು ಒರೆಯಿಂದ ಎಳೆದರೇ ಎಂದು ಬೆರಗಾದರೆ ಆಶ್ಚರ್ಯವಿಲ್ಲ.

ಹಕಾರದಿಂದ ಆರಂಭವಾಗುವ ಎಲ್ಲವನ್ನೂ ಈ ಬುಟ್ಟಿಗೆ ಹಾಕುವುದೂ ಸಲ್ಲದು. ಹೆಂಡತಿಯು ಪೆಣ್ ಎಂಬುದರ ಸಂತಾನ, ಹೆಜ್ಜೆಯು ಪಜ್ಜೆಯಿಂದ ಬಂದದ್ದು. ಆದರೆ ಹೆಚ್ಚು (ಪೆರ್ಚು), ಹೆಮ್ಮೆ (ಪೆರ್ಮೆ), ಹೆಗ್ಗಡೆ (ಪೆರ್ಗಡೆ) ಇವು ನಿಸ್ಸಂದೇಹವಾಗಿ ಈ ಮನೆತನದವು. ಹೆಮ್ಮೆ ಮತ್ತು ಹಿರಿಮೆ ಒಂದೇ ಬೇರಿನಿಂದ, ಒಂದೇ ಬಗೆಯ ಪ್ರತ್ಯಯದಿಂದ ಹುಟ್ಟಿದರೂ, ಒಂದು ಮನಸ್ಸಿನ ಭಾವವನ್ನೂ ಇನ್ನೊಂದು ದೊಡ್ಡತನವನ್ನೂ ಹೇಳುತ್ತವೆ. ಒಬ್ಬನ ಹಿರಿಮೆಗೆ ಇನ್ನೊಬ್ಬನು ಹೆಮ್ಮೆಪಡಬಹುದು.

ಈಗ ವ್ಯಾಕರಣ ರೂಪಗಳ ಮಾತು. ನಮ್ಮ ಭಾಗದ ಮಗುವಿಗೆ ಇದೇ ಮುಖ್ಯ. ನಮ್ಮ ಮಗು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಎರಡನ್ನೂ ಆಡುತ್ತದೆ. ಮರಾಠಿಯಲ್ಲಿ ಮೋಠಾ ಮುಲಗಾ, ಮೋಠೀ ಮುಲಗೀ, ಮೋಠೇ ಝಾಡ. ವಿಶೇಷಣವು ವಿಶೇಷ್ಯದ ಲಿಂಗ ವಚನಗಳನ್ನು ಹಿಂಬಾಲಿಸುತ್ತದೆ. ಸಂಸ್ಕೃತದಲ್ಲಿಯೂ ಹಾಗೆಯೇ: ಮಹಾನ್ ವೃಕ್ಷಃ, ಮಹತೀ ನದೀ. ಕನ್ನಡದಲ್ಲಿ ಹಿರಿಯ ಮಗ, ಹಿರಿಯ ಮಗಳು, ಹಿರಿಯ ಮಕ್ಕಳು. ನಾಮಪದದ ಹಿಂದೆ ನಿಂತಾಗ ನಮ್ಮ ಗುಣವಾಚಕ ಯಾರಿಗೂ ಬಾಗುವುದಿಲ್ಲ. ತಾನೇ ನಾಮಪದವಾಗಿ ನಿಂತಾಗ ಮಾತ್ರ ಲಿಂಗ ವಚನಗಳನ್ನು ಧರಿಸುತ್ತದೆ: ಹಿರಿಯನು, ಹಿರಿಯಳು, ಹಿರಿಯರು, ಹಿರಿದು. ಅಂದರೆ ಪುಸ್ತಕದ 'ಹಿರಿದು' ನಿಜವಾಗಿ 'ಹಿರಿದಾದ ವಸ್ತು' ಎಂಬ ನಪುಂಸಕಲಿಂಗದ ನಾಮಪದ. ಸಮಾಸದ ಮೊದಲ ಪದವೆಂದು ಅದನ್ನು ತೋರಿಸುವುದು ಸಂಸ್ಕೃತದ ವಿಗ್ರಹವಾಕ್ಯದ ಪದ್ಧತಿಯನ್ನು ಅನುಸರಿಸಿದ್ದು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದು ವಾದಿಸಿದರು. ಅವರ ಲಿಪಿಸುಧಾರಣೆಯ ಮಾತುಗಳನ್ನು ನಾನು ಒಪ್ಪುವುದಿಲ್ಲ. ಈ ಮಾತನ್ನು ಒಪ್ಪುತ್ತೇನೆ.

ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಈ ವ್ಯತ್ಯಾಸವನ್ನು ಮುಖಾಮುಖಿ ತೋರಿಸಿದರೆ ಒಂದೇ ತಾಸಿನಲ್ಲಿ ಎರಡೂ ಭಾಷೆಗಳ ವ್ಯಾಕರಣ ತಿಳಿಯುತ್ತದೆ. ಬೆಂಗಳೂರಿನ ಮಗುವಿಗೆ ಈ ಅನುಕೂಲವಿಲ್ಲ. ನಮ್ಮ ಮಕ್ಕಳ ದ್ವಿಭಾಷಿಕತೆಯನ್ನು ಕೊರತೆಯೆಂದು ಎಣಿಸುವವರು ಇದನ್ನು ಗಮನಿಸಬೇಕು.

ಇನ್ನು ಅರ್ಥದ ಚರಿತ್ರೆ. ಹಳಗನ್ನಡದಲ್ಲಿ ಪಿರಿದು ಎಂದರೆ ಗಾತ್ರದಲ್ಲಿಯೂ ದೊಡ್ಡದು, ವಯಸ್ಸಿನಲ್ಲಿಯೂ ದೊಡ್ಡದು, ಮಾನದಲ್ಲಿಯೂ ದೊಡ್ಡದು. ಕಾಲಕ್ರಮದಲ್ಲಿ 'ದೊಡ್ಡ' ಎಂಬ ಶಬ್ದ ಬಂದು ಗಾತ್ರದ ಅರ್ಥವನ್ನು ಕಸಿದುಕೊಂಡಿತು. ಹಿರಿಯ ಎಂಬುದಕ್ಕೆ ವಯಸ್ಸು ಮತ್ತು ಮರ್ಯಾದೆ ಉಳಿದವು. ಇಂದು 'ಹಿರಿಯ ಮನೆ' ಎಂದರೆ ಗಾತ್ರ ನೆನಪಾಗುವುದಿಲ್ಲ. ಗಾತ್ರದ ಹಳೆಯ ಅರ್ಥ ಸಮಾಸಗಳ ಒಳಗೆ ಮಾತ್ರ ಜೀವಂತವಾಗಿದೆ: ಹೆಬ್ಬಾವು, ಹೆಬ್ಬಂಡೆ, ಹೆದ್ದಾರಿ. ಇದರ ಎದುರುಪದ ಕಿರಿದು. ಹಳಗನ್ನಡದಲ್ಲಿ ಅದನ್ನು ಶಕಟರೇಫದಿಂದ ಕಿಱಿದು ಎಂದು ಬರೆಯುತ್ತಿದ್ದರು. ಅದಕ್ಕೂ ಅದೇ ಗತಿಯಾಯಿತು. ಚಿಕ್ಕ, ಸಣ್ಣ ಎಂಬವು ಗಾತ್ರವನ್ನು ತೆಗೆದುಕೊಂಡವು. ಕಿರುಬೆರಳಿನಲ್ಲಿ ಮಾತ್ರ ಹಳೆಯದು ಉಳಿದಿದೆ. ಒಂದು ಕೈಯ ಒಂದು ಕೊನೆಯಲ್ಲಿ ಪೆರ್, ಇನ್ನೊಂದು ಕೊನೆಯಲ್ಲಿ ಕಿಱು.

ಹೆಸರುಗಳಲ್ಲಿಯೂ ಉಳಿದಿದೆ. ಹಿರೇಕೆರೂರು, ಹಿರೇಬಾಗೇವಾಡಿ, ಚಿಕ್ಕೋಡಿಯ ಪಕ್ಕದ ಹಿರೇಕೋಡಿ. ನಮ್ಮ ಹಾಜರಿ ಪುಸ್ತಕಗಳಲ್ಲಿ ಹಿರೇಮಠ ಎಂಬ ಅಡ್ಡಹೆಸರು ಬರುತ್ತದೆ. ಮರಾಠಿಯಲ್ಲಿ ಹಿರೇ ಎಂದರೆ ವಜ್ರಗಳು. ಆದ್ದರಿಂದ ಅನ್ಯಭಾಷಿಕರು ಅದನ್ನು ವಜ್ರದ ಮಠವೆಂದು ಭಾವಿಸಿದರೆ ತಪ್ಪು ಹೇಳಲಾಗದು. ಆದರೆ ಆ ಹೆಸರಿನ ಹುಡುಗನೇ ಹಾಗೆ ಭಾವಿಸಿದರೆ ಅದು ಶಾಲೆ ಮಾಡಬೇಕಿದ್ದ ಕೆಲಸ ಆಗಿಲ್ಲವೆಂದೇ ಅರ್ಥ. ಮಹಾರಾಷ್ಟ್ರದ ಊರುಗಳಲ್ಲಿ ಇದೇ ಕೆಲಸವನ್ನು ಬುದ್ರುಕ ಮತ್ತು ಖುರ್ದ ಎಂಬ ಶಬ್ದಗಳು ಮಾಡುತ್ತವೆ. ಬುದ್ರುಕವು ಪಾರಸಿಯ ಬುಜುರ್ಗ್, ಅಂದರೆ ಹಿರಿಯ. ಖುರ್ದ ಎಂದರೆ ಕಿರಿಯ. ತಮಿಳರ ಪೆರಿಯ, ಚಿನ್ನ ಎಂಬವು ಕೂಡ ಹೀಗೆಯೇ ಊರುಗಳ ಮುಂದೆ ನಿಲ್ಲುತ್ತವೆ. ಅವಳಿ ಊರುಗಳನ್ನು ಹಿರಿದು, ಕಿರಿದು ಎಂದು ಬೇರ್ಪಡಿಸುವುದು ಲೋಕದ ರೂಢಿಯಿರಬೇಕು.

ದೂರದ ಐರ್ಲೆಂಡಿನಲ್ಲಿಯೂ ಅದೇ ರೂಢಿ. ಐರಿಷ್ ಭಾಷೆಯಲ್ಲಿ ದೊಡ್ಡದಕ್ಕೆ ಮೋರ್ ಎಂಬ ಶಬ್ದ. ವೆಲ್ಷ್ ಭಾಷೆಯ ಮಾವ್ರ್ ಅದರ ದಾಯಾದಿ. ಈ ಮೋರ್ ನಾಮಪದದ ಮುಂದೆ ಅಲ್ಲ, ಅದರ ಅನಂತರ ಬರುತ್ತದೆ. ನಾಮಪದ ಸ್ತ್ರೀಲಿಂಗವಾದರೆ ವಿಶೇಷಣದ ಮೊದಲ ವ್ಯಂಜನವೇ ಸಡಿಲವಾಗಿ ಮಕಾರ ವಕಾರದಂತೆ ಕೇಳಿಸುತ್ತದೆ. ಲಿಸ್ಮೋರ್ ಎಂಬ ಊರಿನ ಮೂಲ ಹೆಸರಿನಲ್ಲಿ ಲಿಸ್ ಪುಲ್ಲಿಂಗ, ಆದ್ದರಿಂದ ಮೋರ್ ಹಾಗೆಯೇ ನಿಂತಿದೆ. ಟಲ್ಲಮೋರ್ ಎಂಬ ಊರಿನ ಮೂಲ ಹೆಸರಿನಲ್ಲಿ ದಿಬ್ಬವೆಂಬ ಅರ್ಥದ ಶಬ್ದ ಸ್ತ್ರೀಲಿಂಗ, ಆದ್ದರಿಂದ ಅಲ್ಲಿ ವೋರ್ ಎಂಬಂತೆ ಉಚ್ಚಾರ. ಇಂಗ್ಲಿಷಿನಲ್ಲಿ ಬರೆದಾಗ ಎರಡೂ ಒಂದೇ ಆಗಿ ವ್ಯಾಕರಣ ಅಳಿಸಿಹೋಯಿತು. ಅಲ್ಲಿ ಐರಿಷ್ ಸಂವಿಧಾನದ ಪ್ರಕಾರ ಪ್ರಥಮ ರಾಜಭಾಷೆ, ಫಲಕಗಳಲ್ಲಿ ಎರಡೂ ಹೆಸರು ಇರುತ್ತವೆ. ಆದರೂ ಮನೆಮಾತಾಗಿ ಅದು ಪಶ್ಚಿಮ ತೀರದ ಕೆಲವು ಪ್ರದೇಶಗಳಿಗೆ ಕುಗ್ಗಿದೆ. ಐರಿಷ್ ಮಾಧ್ಯಮದ ಶಾಲೆಗಳಲ್ಲಿ ಓದುವ ಮಗು ತನ್ನೂರಿನ ಹೆಸರಿನ ವಿಶೇಷಣವನ್ನು ಬಿಡಿಸಿ ಹೇಳಬಲ್ಲದು. ಮಿಕ್ಕವರಿಗೆ ಅದು ಬರಿಯ ಸದ್ದು.

ನಮ್ಮಲ್ಲಿ ಹಾಗೆ ಬರಿಯ ಸದ್ದೂ ಉಳಿಯದೆ ಹೋದ ಒಂದು ಹೆಸರಿದೆ. ಮಹಾಬಳೇಶ್ವರದಲ್ಲಿ ಹುಟ್ಟಿ, ಹರಿಪುರದ ಬಳಿ ವಾರಣೆಯನ್ನೂ ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನೂ ಕೂಡಿಕೊಂಡು ಕರ್ನಾಟಕವನ್ನು ಸೇರುವ ಕೃಷ್ಣೆಗೆ ಕನ್ನಡ ಶಾಸನಗಳಲ್ಲಿ ಪೆರ್ದೊರೆ ಎಂದು ಹೆಸರು. ಪೆರ್, ತೊರೆ: ದೊಡ್ಡ ಹೊಳೆ. ಕೇರಳದ ಪೆರಿಯಾರ್ ಏನನ್ನು ಹೇಳುತ್ತದೆಯೋ ಅದನ್ನೇ ಇದೂ ಹೇಳುತ್ತದೆ. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಗೆ ಎಡೆದೊರೆ ಎಂದು ಹೆಸರಿದ್ದುದೂ ಇದೇ ತೊರೆಯಿಂದ. ಪಠ್ಯದಲ್ಲಿ 'ಹಿರಿದು + ತೊರೆ = ಹೆದ್ದೊರೆ' ಎಂದು ಬರೆಯುವ ನಮ್ಮ ಮಗು ಬರೆಯುತ್ತಿರುವುದು ತನ್ನ ಊರಿನ ಹೊಳೆಯ ಹೆಸರನ್ನು. ಅದನ್ನು ಹೇಳುವವರಿಲ್ಲ. ಸಾಂಗಲಿಯ ಅಂಕಲಿ ಸೇತುವೆಯನ್ನು ದಿನವೂ ದಾಟುವ ಕನ್ನಡಿಗರಿಗೂ ಅದು ಗೊತ್ತಿರಲಾರದು.

ಈ ನೆಲಕ್ಕೆ ಕನ್ನಡ ಹೊರಗಿನದೆಂದು ತಿಳಿದವರಿಗಾಗಿ ಒಂದೆರಡು ಮಾತು. ಮಿರಜವು ಶಾಸನಗಳಲ್ಲಿ ಮಿರಿಂಜೆ. ಚಾಲುಕ್ಯರ, ಶಿಲಾಹಾರರ ಕಾಲದಲ್ಲಿ ಮಿರಿಂಜೆ ನಾಡೆಂಬ ಆಡಳಿತ ವಿಭಾಗವಿತ್ತು, ಕೊಲ್ಲಾಪುರದ ಶಿಲಾಹಾರರ ಕನ್ನಡ ಶಾಸನಗಳು ಈ ಸೀಮೆಯಲ್ಲಿ ದೊರೆತಿವೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸುತ್ತದೆ, ತಿರುಳ್ಗನ್ನಡದ ನೆಲೆಗಳಲ್ಲಿ ಪುಲಿಗೆರೆಯನ್ನು ಹೆಸರಿಸುತ್ತದೆ. ಆ ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ವಿಚಿತ್ರವೆಂದರೆ ಅದೇ ಲಕ್ಷ್ಮೇಶ್ವರ ಪಟವರ್ಧನರ ಕಾಲದಲ್ಲಿ ಮಿರಜದ ಹಿರಿಯ ಸಂಸ್ಥಾನಕ್ಕೆ ಸೇರಿತ್ತು. ತಿರುಳ್ಗನ್ನಡದ ಊರು ಇಲ್ಲಿಂದ ಆಳಿಸಿಕೊಂಡಿತು!

ಹಿರಿಯ ಸಂಸ್ಥಾನ ಎಂದೆ. 1820ರಲ್ಲಿ ಮಿರಜ ಸಂಸ್ಥಾನ ಇಬ್ಭಾಗವಾಯಿತು. ಮರಾಠಿಯಲ್ಲಿ ಥೋರಲೀ ಪಾತೀ, ಧಾಕಟೀ ಪಾತೀ ಎಂದು ಕರೆದರು. ಪಾತೀ ಸ್ತ್ರೀಲಿಂಗವಾದ್ದರಿಂದ ಥೋರಲಾ ಅಲ್ಲ, ಥೋರಲೀ. ಆ ಕಿರಿಯ ಸಂಸ್ಥಾನದ ಗದ್ದುಗೆ ಇದ್ದುದು ನಮ್ಮ ಬುಧಗಾಂವದಲ್ಲಿ. 1948ರಲ್ಲಿ ಎರಡೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಹಿರಿದು, ಕಿರಿದು ಎಂಬ ವಿಶೇಷಣಗಳು ಈ ಊರಿನ ದಫ್ತರಗಳ ಮೇಲೆ ನೂರಕ್ಕೂ ಹೆಚ್ಚು ವರ್ಷ ಕುಳಿತಿದ್ದವು. ಇತಿಹಾಸದ ಮಾಸ್ತರರೂ ಭಾಷೆಯ ಮಾಸ್ತರರೂ ಸೇರಿ ಒಂದು ಪಾಠ ಮಾಡಬಹುದಾದ ವಸ್ತುವಿದು.

ಪಾಠ ಮಾಡುವವರು ಯಾರು ಎಂಬುದೇ ಈಗಿನ ಚಿಂತೆ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. 1967ರಲ್ಲಿ ಸ್ಥಾಪಿತವಾದ ಬಾಲಭಾರತಿ ಕನ್ನಡದಲ್ಲಿಯೂ ಪುಸ್ತಕಗಳನ್ನು ಮುದ್ರಿಸುತ್ತಿದೆ. ಇದಕ್ಕಾಗಿ ಮಹಾರಾಷ್ಟ್ರ ಸರಕಾರಕ್ಕೆ ನಾವು ಕೃತಜ್ಞರಾಗಿರಬೇಕು. 2020ರ ಕಾಯ್ದೆಯಿಂದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಯಿತು. ಅದಕ್ಕೂ ನನ್ನ ಆಕ್ಷೇಪವಿಲ್ಲ, ಇಲ್ಲಿ ಬಾಳುವವರಿಗೆ ಮರಾಠಿ ಬೇಕು, ಮತ್ತು ಅದು ಸಂಪನ್ನವಾದ ಭಾಷೆ. ಆಕ್ಷೇಪವಿರುವುದು ಜತ್ತ, ಅಕ್ಕಲಕೋಟೆಗಳ ಕಡೆಯಿಂದ ಕೇಳಿಬರುವ ಸಂಗತಿಯ ಬಗ್ಗೆ: ಕನ್ನಡ ಶಾಲೆಗೆ ಕನ್ನಡ ಓದುಬರಹ ಬಾರದ ಶಿಕ್ಷಕರು ನಿಯುಕ್ತರಾಗುವುದು. ಅಂಥ ಶಿಕ್ಷಕರ ಮೇಲೆ ಕೋಪ ಬೇಡ, ಅವರೂ ಅಸಹಾಯಕರು. ಪುಸ್ತಕದಲ್ಲಿ ಮುದ್ರಿತವಾದ ಸಮೀಕರಣವನ್ನು ಹಲಗೆಗೆ ಇಳಿಸುವುದಷ್ಟೇ ಅವರಿಗೆ ಸಾಧ್ಯ. 'ಹಿರಿದು ಹೆಮ್ ಹೇಗಾಯಿತು' ಎಂಬ ಪ್ರಶ್ನೆ ಆ ಕೋಣೆಯಲ್ಲಿ ಹುಟ್ಟುವುದೇ ಇಲ್ಲ. ಶಾಲೆ ದಾಖಲೆಯಲ್ಲಿ ಕನ್ನಡದ್ದಾಗಿ ಉಳಿಯುತ್ತದೆ, ಪಾಲಕರು ಕೆಲವು ವರ್ಷ ನೋಡಿ ಮಕ್ಕಳನ್ನು ಬೇರೆಡೆಗೆ ಒಯ್ಯುತ್ತಾರೆ, ಆಮೇಲೆ ಪಟಸಂಖ್ಯೆ ಸಾಲದೆಂಬ ಕಾರಣ ಸಿದ್ಧವಾಗಿರುತ್ತದೆ.

ಶಿಕ್ಷಕರು ಇರುವಲ್ಲಿ ಮಾಡಬಹುದಾದದ್ದನ್ನು ಹೇಳುತ್ತೇನೆ. ಎಂಟನೆಯ ಇಯತ್ತೆಯಲ್ಲಿ ಸಮಾಸದ ಪಾಠಕ್ಕೆ ಮೊದಲು ಒಂದು ತಾಸು ಮೀಸಲಿಡಿ. ಹಲಗೆಯ ನಡುವೆ 'ಪೆರ್' ಎಂದು ಬರೆಯಿರಿ. ಮಕ್ಕಳು ತಂದ ಹೆ, ಹಿರಿ ಪದಗಳನ್ನು ಸುತ್ತ ಬರೆದು ಯಾವುದು ಈ ಬೇರಿನದು, ಯಾವುದು ಅಲ್ಲ ಎಂದು ಚರ್ಚಿಸಿ. ಹೆಂಡತಿ, ಹೆಜ್ಜೆಗಳನ್ನು ಬೇಕೆಂದೇ ಸೇರಿಸಿ. ಪಕ್ಕದಲ್ಲಿ ಮೋಠಾ, ಮೋಠೀ, ಮೋಠೇ ಎಂದು ಬರೆದು ಬಾಗುವ ಭಾಷೆ ಯಾವುದು, ಬಾಗದ ಭಾಷೆ ಯಾವುದು ಎಂದು ಕೇಳಿ. ಮ್ಹೈಸಾಳ ದಾಟಿ ಕಾಗವಾಡದ ಕಡೆಗೆ ಹೋದ ಮಕ್ಕಳಿದ್ದರೆ ಗಡಿಯ ಈಚೆ ಮಹಾಮಾರ್ಗವೆಂದು ಓದಿದ್ದು ಆಚೆ ಹೆದ್ದಾರಿಯಾಗುವುದನ್ನು ಅವರೇ ಹೇಳುತ್ತಾರೆ. ಕೊನೆಗೆ ಹೊಳೆಯ ಹೆಸರನ್ನು ಹೇಳಿ.

ನಿಮ್ಮ ಊರಿನ ಹೊಲ, ಹಳ್ಳ, ಬಾವಿ, ಓಣಿಗಳಿಗೆ ಹಿರೇ ಅಥವಾ ಹೆ ಎಂದು ಆರಂಭವಾಗುವ ಹೆಸರುಗಳಿದ್ದರೆ, ವಿಶೇಷವಾಗಿ ಜತ್ತ ಮತ್ತು ಮಿರಜ ತಾಲ್ಲೂಕುಗಳ ಪೂರ್ವಭಾಗದ ಹಳ್ಳಿಗಳಲ್ಲಿ, ದಯವಿಟ್ಟು ಹಿರಿಯರನ್ನು ಕೇಳಿ ಅವರು ಉಚ್ಚರಿಸುವಂತೆಯೇ ಬರೆದು ಕಳುಹಿಸಿರಿ. ಸಾತಬಾರಾ ಉತಾರೆಯಲ್ಲಿ ಮರಾಠಿಯಲ್ಲಿ ಹೇಗೆ ದಾಖಲಾಗಿದೆ ಎಂಬುದನ್ನೂ ಪಕ್ಕದಲ್ಲಿ ನಮೂದಿಸಿದರೆ ಇನ್ನೂ ಉಪಕಾರವಾದೀತು. ಮುಂದಿನ ಟಿಪ್ಪಣಿಯಲ್ಲಿ ಬೆಳ್ ಮತ್ತು ಬಿಳಿಯ ವಿಚಾರ.